ಹಿಡಿದು ಬಿಟ್ಟ ಮೀನಿನ ಲೆಕ್ಕ

ಸಂಘದ ತಿಂಗಳ ಸಭೆಯಲ್ಲಿ ನಾನು ತೋರಿಸಬೇಕೆಂದಿದ್ದ ಚಿತ್ರಗಳ ಕಾರ್ಯಕ್ರಮ ರದ್ದಾದ ಸುದ್ದಿ ನಮ್ಮ ಓದುಗರಲ್ಲಿ ಬಹುಮಂದಿಗೆ ಗೊತ್ತಿದೆ. ‘ಕೆನಡಾದ ನದಿಯಲ್ಲಿ ಒಂದು ದಿನ’ ಎಂದು ಸೂಚನಾ ಫಲಕದ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಆಗಿತ್ತು. ಆ ಒಂದು ದಿನ ನಾವು ಮಾಡಿದ್ದು ಮೀನಿನ ಬೇಟೆ ಎಂದು ತಿಳಿದೊಡನೆ ಹಿರಿಯರೊಬ್ಬರು ಎದ್ದು ನಿಂತರು. “ಹೊಟ್ಟೆಗೆ ಹಿಡಿದರೆ ಅದು ಅವರವರ ಊಟದ ಮಾತು, ನಾನು ಕೇಳುವವನಲ್ಲ. ಆಟಕ್ಕೆಂದು ಹಿಡಿದು, ನೋಯಿಸಿ, ಫೋಟೋ ತೆಗೆದುಕೊಂಡು ನೀರಿಗೆ ಬಿಡುವುದು ಯಾವ ಧರ್ಮ? ಶೃಂಗೇರಿಯ ಮೀನುಗಳಿಗೆ ಪುರಿ ಹಾಕಿ ಬೆಳೆದ ಕೈ ನಿಮ್ಮದು!” ಎಂದರು. ಕಾರ್ಯಕಾರಿ ಸಮಿತಿಗೆ ಜಗಳ ಬೇಡವಾಗಿತ್ತು. ನನ್ನ ಚಿತ್ರಗಳ ಬದಲು ಅಂತ್ಯಾಕ್ಷರಿ ನಡೆಯಿತು.

ಆ ಸಂಜೆ ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಉತ್ತರಗಳೆಲ್ಲ ಹೀಗೆಯೇ, ಸಭೆ ಮುಗಿದು ಲೋಕಲ್ ಗಾಡಿ ಹತ್ತಿದ ಮೇಲೆ ಬರುತ್ತವೆ. ಆದ್ದರಿಂದ ಸಂಪಾದಕರ ಅಪ್ಪಣೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹಿರಿಯರ ಆಕ್ಷೇಪಣೆಯಲ್ಲಿ ಅರ್ಧವನ್ನು ತಲೆಬಾಗಿ ಒಪ್ಪುತ್ತೇನೆ. ಉಳಿದರ್ಧಕ್ಕಾಗಿ ಅವರೊಡನೆ ಜಗಳವಾಡಲೇಬೇಕಾಗಿದೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. 2023ರ ಅಕ್ಟೋಬರಿನಲ್ಲಿ ನಾನು ಮಗನ ಮನೆಗೆಂದು ವ್ಯಾಂಕೂವರಿಗೆ ಹೋಗಿದ್ದೆ. ಮೂವತ್ತು ವರ್ಷ ಡೊಂಬಿವಲಿಯಿಂದ ಒಂದೇ ಡಬ್ಬಿಯಲ್ಲಿ ನಿಂತು ಪ್ರಯಾಣ ಮಾಡಿದ ನನ್ನ ಇಬ್ಬರು ಗೆಳೆಯರೂ ಅದೇ ಸಮಯಕ್ಕೆ ಅಲ್ಲಿದ್ದರು. ಅವರಲ್ಲಿ ಒಬ್ಬರು ಕಾಪುವಿನ ಕಡೆಯವರು, ಅವರ ಮಗಳ ಮನೆ ಅಲ್ಲಿ. ಇನ್ನೊಬ್ಬರು ಧಾರವಾಡದವರು, ಅಳಿಯನ ಬಾಣಂತನ ಮಾಡಲು ಬಂದಿದ್ದೇನೆ ಎಂದು ತಾವೇ ಹಾಸ್ಯ ಮಾಡಿಕೊಳ್ಳುವವರು. ಮೂವರು ಮುದುಕರು ಮನೆಯಲ್ಲಿ ಕುಳಿತು ಬೇಸತ್ತಿದ್ದನ್ನು ಕಂಡು ನನ್ನ ಮಗ ಒಂದು ದೋಣಿಯನ್ನು ದಿನದ ಬಾಡಿಗೆಗೆ ಗೊತ್ತುಮಾಡಿದ. ಬಾಡಿಗೆಯ ಮೊತ್ತ ಕೇಳಿ ಧಾರವಾಡದ ಗೆಳೆಯರು, “ಇಷ್ಟು ರೊಕ್ಕದಾಗ ಹುಬ್ಬಳ್ಳಿ ಮೀನು ಮಾರ್ಕೆಟ್ ಎಲ್ಲಾ ಕೊಳ್ಳಬಹುದಲ್ಲೋ ತಮ್ಮಾ” ಎಂದರು.

ನದಿಯ ಹೆಸರು ಫ್ರೇಸರ್. ರಾಕಿ ಪರ್ವತಗಳಲ್ಲಿ ಹುಟ್ಟಿ ಸುಮಾರು 1,370 ಕಿಲೋಮೀಟರ್ ಹರಿದು ವ್ಯಾಂಕೂವರಿನ ಬಳಿ ಸಮುದ್ರ ಸೇರುತ್ತದೆ. ಚಿಲಿವಾಕ್ ಎಂಬ ಊರಿನ ಹತ್ತಿರ ನಾವು ದೋಣಿ ಹತ್ತಿದೆವು. ಸ್ವಲ್ಪ ದೂರದಲ್ಲೇ ಹ್ಯಾರಿಸನ್ ಎಂಬ ಉಪನದಿ ಬಂದು ಕೂಡುತ್ತದೆ. ಅದರ ತಿಳಿನೀರು ಫ್ರೇಸರಿನ ಮಣ್ಣುನೀರಿನೊಡನೆ ಕೂಡಲೇ ಬೆರೆಯದೆ, ಹೊಸದಾಗಿ ಮದುವೆಯಾದವರಂತೆ ಸಂಕೋಚದಿಂದ, ಸ್ವಲ್ಪ ದೂರ ಪಕ್ಕಪಕ್ಕದಲ್ಲಿ ಹರಿಯುತ್ತದೆ. ದಡದ ಮರಗಳ ಎಲೆಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಮೊಟ್ಟೆಯಿಟ್ಟು ಸತ್ತ ಸಾಲ್ಮನ್ ಮೀನುಗಳು ಕಲ್ಲುದಿಬ್ಬಗಳ ಮೇಲೆ ಸಾಲಾಗಿ ಬಿದ್ದಿದ್ದವು. ನಾನು ಮೂಗು ಮುಚ್ಚಿಕೊಂಡೆ. ಕಾಪುವಿನ ಗೆಳೆಯರು ಮಾತ್ರ ದೀರ್ಘವಾಗಿ ಉಸಿರೆಳೆದು, “ಆಹಾ, ಮಲ್ಪೆ ಬಂದರಿಗೆ ಬಂದ ಹಾಗಾಯ್ತು ಮಾರಾಯ್ರೇ” ಎಂದರು.

ಸತ್ತ ಸಾಲ್ಮನ್ನುಗಳೇ ಅಲ್ಲಿನ ಶರತ್ಕಾಲದ ಗುಟ್ಟು. ಚಳಿಗಾಲಕ್ಕೆ ಮುಂಚೆ ನದಿಯ ತಳದಲ್ಲಿ ಅವನ್ನು ತಿಂದು ಕೊಬ್ಬುವ ಮೀನು ಬಿಳಿ ಸ್ಟರ್ಜನ್. ನಮ್ಮ ದೇಶದ ಯಾವ ನದಿಯಲ್ಲೂ ಸ್ಟರ್ಜನ್ ಇಲ್ಲ. ಕ್ಯಾವಿಯಾರ್ ಎಂಬ ಶ್ರೀಮಂತರ ತಿನಿಸು ಈ ಕುಲದ ಮೀನುಗಳ ಮೊಟ್ಟೆ ಎಂದರೆ ಕೆಲವರಿಗೆ ಗುರುತು ಹತ್ತಬಹುದು. ಮೈಮೇಲೆ ಎಲುಬಿನ ಫಲಕಗಳ ಐದು ಸಾಲು, ಮೂತಿಯ ಕೆಳಗೆ ನಾಲ್ಕು ಮೀಸೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಬಾಯನ್ನು ಕೊಳವೆಯಂತೆ ಮುಂದೆ ಚಾಚಿ ತಳದ ಆಹಾರವನ್ನು ಹೀರುತ್ತದೆ. ಫ್ರೇಸರಿನಲ್ಲಿ ಆರು ಮೀಟರಿನವರೆಗೆ ಬೆಳೆದದ್ದುಂಟು, ನೂರು ವರ್ಷ ದಾಟಿ ಬದುಕಿದ್ದುಂಟು. ಹೆಣ್ಣು ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಅದಕ್ಕೆ ಸುಮಾರು ಇಪ್ಪತ್ತು ವರ್ಷ ತುಂಬಿರುತ್ತದೆ. ಆಮೇಲೂ ಪ್ರತಿವರ್ಷ ಇಡುವುದಿಲ್ಲ, ಹಲವು ವರ್ಷಗಳಿಗೊಮ್ಮೆ. ಇಂಥ ಪ್ರಾಣಿಯನ್ನು ಬೇಗ ಕೊಂದು ಮುಗಿಸಬಹುದು, ಬೇಗ ಬೆಳೆಸಲಾಗದು.

ಕೊಂದು ಮುಗಿಸುವುದಕ್ಕೆ ಹತ್ತಿರ ಹತ್ತಿರ ಬಂದೂ ಇದ್ದರು. 1897ರ ಒಂದೇ ವರ್ಷದಲ್ಲಿ ಆ ನದಿಯಿಂದ ತೆಗೆದ ಸ್ಟರ್ಜನ್ ಸುಮಾರು 500 ಟನ್. ಮುಂದಿನ ಕೆಲವೇ ವರ್ಷಗಳಲ್ಲಿ ಆ ವ್ಯಾಪಾರ ಮಣ್ಣುಪಾಲಾಯಿತು, ಹಿಡಿಯಲು ಮೀನೇ ಉಳಿಯಲಿಲ್ಲ. 1994ರಿಂದ ಅಲ್ಲಿ ಸ್ಟರ್ಜನ್ನನ್ನು ಕೊಲ್ಲುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ. ಗಾಳಕ್ಕೆ ಬೇರೆಯೇ ಪರವಾನಗಿ ಪಡೆದು ಹಿಡಿಯಬಹುದು, ಹಿಡಿದದ್ದನ್ನು ಬಿಡಲೇಬೇಕು.

ನಮ್ಮ ದೋಣಿ ನಡೆಸಿದವನು ಮೂವತ್ತರ ಆಸುಪಾಸಿನ ಹುಡುಗ. ಲಂಗರು ಹಾಕಿ, ಸಾಲ್ಮನ್ನಿನ ಮೊಟ್ಟೆಗಳನ್ನು ತೆಳ್ಳನೆಯ ನೈಲಾನ್ ಬಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಕಟ್ಟಿ, ಹಿಂಮುಳ್ಳಿಲ್ಲದ ಗಾಳಕ್ಕೆ ಸಿಕ್ಕಿಸಿ, ಸೀಸದ ಗುಂಡಿನೊಡನೆ ತಳಕ್ಕೆ ಇಳಿಸಿದ. ಒಂದು ಗಂಟೆ ಏನೂ ಆಗಲಿಲ್ಲ. ಮಗನ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ ಖಾಲಿಯಾಯಿತು. ಆಮೇಲೆ ಒಂದು ಕೋಲಿನ ತುದಿ ಎರಡು ಸಲ ಮೆಲ್ಲಗೆ ನಡುಗಿತು, ಯಾರೋ ಬಾಗಿಲು ತಟ್ಟಿ ಸುಮ್ಮನಾದ ಹಾಗೆ. ಹುಡುಗ ಕೋಲನ್ನೆತ್ತಿ ಒಮ್ಮೆ ಜಗ್ಗಿ ನನ್ನ ಕೈಗೆ ಕೊಟ್ಟ.

ಒಡನೆಯೇ ಎಪ್ಪತ್ತು ಮಾರು ದೂರದಲ್ಲಿ ನೀರು ಒಡೆದು ಮೀನು ಮೇಲಕ್ಕೆ ಹಾರಿತು. ಇಡೀ ಮೈ ನೀರಿನಿಂದ ಹೊರಗೆ ಬಂದದ್ದನ್ನು ನಾನು ಕಂಡೆ. ಆ ಗಳಿಗೆಯಲ್ಲಿ ನನಗೆ ಕರುಣೆ ಹುಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ನಾನು ಕೂಗಿದೆ. ಎಪ್ಪತ್ತು ತುಂಬಿದ, ಮೊಣಕಾಲು ನೋವಿನ ನಾನು ಮಕ್ಕಳ ಹಾಗೆ ಕೂಗಿದೆ. ಹಿರಿಯರು ಕೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆ ಸಂತೋಷ ನಿಜ, ಅದರಲ್ಲಿ ಒಳ್ಳೆಯದೇನೂ ಇರಲಿಲ್ಲ.

ನಲವತ್ತು ನಿಮಿಷ ಎಳೆದಾಟ. ನಡುವೆ ಮಗ ಕೋಲು ಹಿಡಿದ, ಧಾರವಾಡದ ಗೆಳೆಯರೂ ಸ್ವಲ್ಪ ಹೊತ್ತು ಹಿಡಿದು, “ಇದು ಮೀನಲ್ಲರೀ, ಎಮ್ಮಿ” ಎಂದು ಹಿಂದಕ್ಕೆ ಕೊಟ್ಟರು. ಕಾಪುವಿನ ಗೆಳೆಯರು ಮಾತ್ರ ಮುಟ್ಟಲಿಲ್ಲ. ಅವರ ಅಜ್ಜ ದೋಣಿಯಲ್ಲಿ ಬಲೆ ಹಾಕಿದವರು, ಮನೆಯಲ್ಲಿ ಮೀನಿಲ್ಲದೆ ಅನ್ನ ಇಳಿಯದು. ನಾನು ಕರೆದಾಗ ಅವರು ಹೇಳಿದ್ದು ಇಷ್ಟೆ: “ತಿನ್ನಲಿಕ್ಕಿಲ್ಲದ ಮೀನಿನ ಬಾಯಿಗೆ ಗಾಳ ಹಾಕ್ಲಿಕ್ಕೆ ನಂಗೆ ಆಗುವುದಿಲ್ಲ. ನೀವು ಮಾಡಿ, ನಾನು ನೋಡ್ತೇನೆ.” ನಮ್ಮ ಮೂವರಲ್ಲಿ ಮೀನು ತಿನ್ನುವವರು ಅವರೊಬ್ಬರೇ.

ಕೊನೆಗೆ ದೋಣಿಯನ್ನು ದಡದ ಕಡೆಗೆ ಸರಿಸಿ, ಹುಡುಗ ಸೊಂಟದುದ್ದದ ನೀರಿಗಿಳಿದು ಮೀನನ್ನು ಹಿಡಿದುಕೊಂಡ. ಒಂದೂವರೆ ಮೀಟರಿಗಿಂತ ಉದ್ದದ್ದನ್ನು ನೀರಿನಿಂದ ಮೇಲೆತ್ತಬಾರದೆಂದು ನಿಯಮ. ನಮ್ಮದು ಎರಡು ಮೀಟರಿಗೆ ಮೇಲೆ ಹತ್ತು ಸೆಂಟಿಮೀಟರ್. ಅದು ಹೊಟ್ಟೆ ಮೇಲಾಗಿ, ಮಿಸುಕದೆ, ಕಿವಿರು ಮಾತ್ರ ಆಡಿಸುತ್ತ ಮಲಗಿತ್ತು. ವಯಸ್ಸೆಷ್ಟು ಎಂದೆ. ನಿಖರವಾಗಿ ಹೇಳಲಾಗದು, ನಲವತ್ತೋ ಐವತ್ತೋ ಇರಬಹುದು ಎಂದ. ನನ್ನ ಮದುವೆಯ ಕಾಲಕ್ಕೆ ಹುಟ್ಟಿದ ಪ್ರಾಣಿ! ಆಮೇಲೆ ಅವನು ಅಂಗಡಿಯಲ್ಲಿ ಬೆಲೆ ಓದುವ ಯಂತ್ರದಂಥದೊಂದನ್ನು ಅದರ ತಲೆಯ ಹಿಂದೆ ಆಡಿಸಿದ. ಯಂತ್ರ ಕೀಂ ಎಂದಿತು. ಚರ್ಮದ ಒಳಗೆ ಅಕ್ಕಿಕಾಳಿನಷ್ಟು ದೊಡ್ಡದೊಂದು ಗುರುತಿನ ತುಣುಕು ಇದೆ, ಅದಕ್ಕೊಂದು ಸಂಖ್ಯೆ ಇದೆ. ಅಂದರೆ ನಮಗಿಂತ ಮೊದಲು ಇನ್ನೊಬ್ಬರು ಇದನ್ನು ಹಿಡಿದು, ನಕ್ಕು, ಬಿಟ್ಟಿದ್ದಾರೆ. ಎಷ್ಟು ಸಲವೋ! ತುಟಿಯ ಒಂದು ಬದಿ ಹರಿದು ಕೂಡಿಕೊಂಡ ಗಾಯದಿಂದ ಸೊಟ್ಟಗಾಗಿತ್ತು. ನಾನು ಅದನ್ನು ತೋರಿಸಿದಾಗ ಹುಡುಗ, “ಮೀನಿಗೆ ನಮ್ಮ ಹಾಗೆ ನೋವಾಗುವುದಿಲ್ಲ” ಎಂದ. ನಾನು ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಹಲ್ಲು ಕಿಸಿದೆ. ಮಗ ಫೋಟೋ ತೆಗೆದ. ಸಂಖ್ಯೆ, ಉದ್ದ, ಸುತ್ತಳತೆ, ಜಾಗ, ತಾರೀಖು ಇಷ್ಟನ್ನೂ ಹುಡುಗ ಒಂದು ಹಾಳೆಯಲ್ಲಿ ತುಂಬಿದ. ಮೀನಿನ ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ನಿಂತ. ಐದಾರು ನಿಮಿಷದ ಮೇಲೆ ಅದು ಬಾಲ ಬೀಸಿ ನಮಗೆಲ್ಲ ನೀರೆರಚಿ ಹೋಯಿತು.

ಇನ್ನು ಜಗಳಕ್ಕೆ ಬರೋಣ.

ಮೊದಲು ಗಾಳದವರೊಡನೆ. ಇದನ್ನು ಕರುಣೆ ಎಂದು ಕರೆಯುವ ಅವರ ಮಾತು ನನಗೆ ಒಗ್ಗುವುದಿಲ್ಲ. ನೋವಾಗುವುದಿಲ್ಲವಾದರೆ ಆ ಮೀನು ನಲವತ್ತು ನಿಮಿಷ ಯಾತಕ್ಕೆ ಎಳೆದಾಡಿತು? ಹೀಗೆ ದಣಿದ ಸ್ಟರ್ಜನ್ನಿನ ರಕ್ತದಲ್ಲಿ ಆಮ್ಲ ಏರುತ್ತದೆ, ಬೇಸಿಗೆಯಲ್ಲಿ ನೀರು ಬೆಚ್ಚಗಾದಾಗ ಹಿಡಿದರೆ ಚೇತರಿಸಿಕೊಳ್ಳುವುದು ಇನ್ನೂ ಕಷ್ಟ ಎಂದು ಅಲ್ಲಿನ ವಿಜ್ಞಾನಿಗಳೇ ಪರೀಕ್ಷಿಸಿ ಹೇಳಿದ್ದಾರೆ. ಅದಕ್ಕಿಂತ ನನ್ನನ್ನು ಕೆಣಕಿದ್ದು ಇನ್ನೊಂದು ಸಂಗತಿ. ಆ ದಡದಲ್ಲಿ ಸಾವಿರಾರು ವರ್ಷಗಳಿಂದ ಇರುವ ಮೂಲನಿವಾಸಿಗಳು ಸ್ಟೋಲೋ ಜನ. ಅವರ ಹೆಸರಿನ ಅರ್ಥವೇ ‘ನದಿ’. ಸ್ಟರ್ಜನ್ ಅವರ ಊಟ, ಅವರ ಹಬ್ಬ. 1994ರಲ್ಲಿ ಅವರು ತಾವಾಗಿಯೇ ಅದನ್ನು ಕೊಲ್ಲುವುದನ್ನು ನಿಲ್ಲಿಸಿದರು. ತಿನ್ನುತ್ತಿದ್ದವನು ಊಟ ಬಿಟ್ಟ, ಆಡುತ್ತಿದ್ದವನು ಆಟ ಬಿಡಲಿಲ್ಲ! ಕಾಪುವಿನ ನನ್ನ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ತಲೆಯಾಡಿಸಿ ಸುಮ್ಮನಾದರು. ಇಷ್ಟರ ಮಟ್ಟಿಗೆ ನಮ್ಮ ಸಂಘದ ಹಿರಿಯರು ಹೇಳಿದ್ದು ಸರಿ. ಆ ಫೋಟೋದಲ್ಲಿ ನಾನು ಹಲ್ಲು ಕಿಸಿಯಬಾರದಿತ್ತು.

ಆದರೆ ಆ ಹಾಳೆಯ ಮಾತೇನು? ಹಿರಿಯರು ಹಾಳೆಯ ಮಾತನ್ನು ಕೇಳಲೇ ಇಲ್ಲ.

2000ದ ಆಸುಪಾಸಿನಿಂದ ಫ್ರೇಸರಿನ ಕೆಳಭಾಗದಲ್ಲಿ ಸ್ಟರ್ಜನ್ನುಗಳಿಗೆ ಇಂಥ ಗುರುತು ಹಾಕುವ ಕೆಲಸ ನಡೆದಿದೆ. ಹಾಕುವವರಲ್ಲಿ ಬಹುಪಾಲು ಸಂಬಳದ ನೌಕರರಲ್ಲ. ದೋಣಿಯವರು, ಗಾಳದವರು, ಮೂಲನಿವಾಸಿ ಮೀನುಗಾರರು. ಗುರುತಿದ್ದದ್ದು ಎಷ್ಟು ಸಿಕ್ಕಿತು, ಗುರುತಿಲ್ಲದ್ದು ಎಷ್ಟು ಸಿಕ್ಕಿತು ಎಂಬುದರ ಮೇಲೆ ನದಿಯಲ್ಲಿ ಒಟ್ಟು ಎಷ್ಟಿವೆ ಎಂದು ಗಣಿತ ಹಾಕುತ್ತಾರೆ. ದೊಡ್ಡ ಮೀನುಗಳು ಉಳಿದಿವೆ, ಆದರೆ ಎಳೆಯವು ಕಡಿಮೆಯಾಗುತ್ತಿವೆ ಎಂಬ ಕೆಟ್ಟ ಸುದ್ದಿ ಗೊತ್ತಾದದ್ದು ಈ ಹಾಳೆಗಳಿಂದಲೇ. ದೋಣಿಯಿಂದ ನೋಡಿದವನಿಗೆ ಅದು ತಿಳಿಯುವುದಿಲ್ಲ. ಎರಡು ಮೀಟರಿನ ಮೀನು ಹಾರಿದಾಗ ನದಿ ತುಂಬಿ ತುಳುಕುತ್ತಿದೆ ಎಂದೇ ಅನ್ನಿಸುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿ ಗಟ್ಟಿಮುಟ್ಟಾಗಿದ್ದು ತೊಟ್ಟಿಲು ಖಾಲಿಯಿದ್ದರೆ ಹೇಗೋ ಹಾಗೆ. ಜಗತ್ತಿನಲ್ಲಿ ಉಳಿದಿರುವ ಸ್ಟರ್ಜನ್ ಜಾತಿಗಳು ಒಟ್ಟು 26. ಆ ಎಲ್ಲವೂ ಅಳಿವಿನ ಅಪಾಯದಲ್ಲಿವೆ ಎಂದು 2022ರಲ್ಲಿ ಲೆಕ್ಕ ಹೇಳಿದರು. ಯಾರೋ ಎಣಿಸಿದ್ದರಿಂದ ಹೇಳಲು ಸಾಧ್ಯವಾಯಿತು.

ಇನ್ನು ನಮ್ಮ ಕಡೆ ನೋಡೋಣ. ಕಾವೇರಿಯಲ್ಲಿ ಒಂದು ಮೀನಿದೆ, ಅಥವಾ ಇನ್ನೂ ಸ್ವಲ್ಪ ಇದೆ. ಕಾವೇರಿ ಸೀಮೆಯಲ್ಲಿ ಬಿಳಿಮೀನು ಎನ್ನುವರು. ಬೆನ್ನು ಗೂನಾಗಿ, ಬಾಲಕ್ಕೆ ಕಿತ್ತಳೆ ಬಣ್ಣ ಬಳಿದಂತಿರುವ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ತೂಗಿತು. ಇಂಗ್ಲಿಷಿನಲ್ಲಿ 1873ರಿಂದಲೇ ಕಾವೇರಿಯ ಮಹಶೀರಿನ ಬಗ್ಗೆ ಪುಸ್ತಕ ಬಂದಿದೆ. ಇಷ್ಟೆಲ್ಲ ಕೀರ್ತಿಯಿದ್ದ ಈ ಮೀನಿಗೆ ಶಾಸ್ತ್ರೀಯ ಹೆಸರು ಖಚಿತವಾದದ್ದು ಯಾವಾಗ ಗೊತ್ತೇ? 2018ರಲ್ಲಿ! ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಎಂಬ ಪಟ್ಟಿಗೂ ಸೇರಿತು. ನಾಮಕರಣ, ಮರಣಪತ್ರ ಎರಡನ್ನೂ ಒಟ್ಟಿಗೆ ಬರೆದ ಹಾಗಾಯಿತು.

ಅದು ಕ್ಷೀಣಿಸುತ್ತಿದೆ ಎಂದು ತೋರಿಸಿಕೊಟ್ಟ ದಾಖಲೆ ಯಾವುದು? ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಿನಚರಿ. ಯಾವ ತಾರೀಖು, ಯಾವ ಜಾತಿ, ಎಷ್ಟು ತೂಕ ಎಂದು ಆಟಗಾರರು ಬರೆದಿಟ್ಟದ್ದು. ಅದನ್ನು ಕೂಡಿಸಿ ಕಳೆದು ನೋಡಿ 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು: ಗೂನು ಬೆನ್ನಿನ ನಮ್ಮ ಮೀನು ಇಳಿಯುತ್ತಿದೆ, ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ಏರುತ್ತಿದೆ. ಈ ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಪುಣೆಯ ನಮ್ಮ ಬಂಧುಗಳು ಗಮನಿಸಬೇಕು. 1839ರಲ್ಲಿ ಈ ಜಾತಿಯನ್ನು ಮೊದಲು ವರ್ಣಿಸಿದ್ದು ಪುಣೆಯ ಮುಳಾ ಮುಠಾ ನದಿಯ ಮೀನನ್ನು ನೋಡಿ. 1970ರ ದಶಕದಿಂದ ಲೋಣಾವಳಾದ ಕೇಂದ್ರದಲ್ಲಿ ಇದರ ಮರಿಗಳನ್ನು ಬೆಳೆಸಿ ದೇಶದ ಹಲವು ನದಿಗಳಿಗೆ ಕಳುಹಿಸಿದರು, ಕಾವೇರಿಗೂ ಬಿಟ್ಟರು. ಕೆಟ್ಟ ಬುದ್ಧಿಯಿಂದಲ್ಲ, ನದಿಯಲ್ಲಿ ಮಹಶೀರ್ ಹೆಚ್ಚಲಿ ಎಂದು. ಬಿಟ್ಟವರಲ್ಲಿ ಗಾಳದವರೂ ಇದ್ದರು, ಅವರನ್ನು ನಾನು ಪೂರ್ತಿ ಬಿಡುಗಡೆ ಮಾಡುವುದಿಲ್ಲ. ಹೊಟ್ಟೆಪಾಡಿಗೆ ಬಂದ ನಾವು ಮುಂಬಯಿ ಪುಣೆಗಳಲ್ಲಿ ನೆಲೆಯೂರಿದೆವು; ಇಲ್ಲಿಯ ಮೀನು ನಮ್ಮ ಕಾವೇರಿಯಲ್ಲಿ ನೆಲೆಯೂರಿತು. ಆ ವಿನಿಮಯದಲ್ಲಿ ಕಾವೇರಿಯ ಮೂಲ ಮೀನಿಗೆ ಜಾಗವಿಲ್ಲದಾಯಿತು. ಅಣೆಕಟ್ಟುಗಳು, ಮರಳು ತೆಗೆಯುವವರು, ನೀರಿಗೆ ಸಿಡಿಮದ್ದು ಎಸೆದು ಮೀನು ಕೊಲ್ಲುವವರು ಸೇರಿಕೊಂಡರು.

ಆಮೇಲೆ ಅಭಯಾರಣ್ಯದ ಒಳಗೆ ಗಾಳದ ಆಟವನ್ನು ನಿಲ್ಲಿಸಿದರು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು, ವನ್ಯಪ್ರಾಣಿಯನ್ನು ಹಿಡಿಯುವುದು ಬೇಟೆಯೇ. ಹಿರಿಯರಿಗೆ ಸಂತೋಷವಾಗಬೇಕು. ಆದರೆ ಶಿಬಿರದಲ್ಲಿ ಕೆಲಸಕ್ಕಿದ್ದವರಲ್ಲಿ ಹಿಂದೆ ಕಳ್ಳಬೇಟೆಯಾಡಿ ಆಮೇಲೆ ಮೀನು ಕಾಯಲು ನಿಂತವರಿದ್ದರು. ಅವರ ಕಾವಲು ಹೋಯಿತು. ದಿನಚರಿಯೂ ನಿಂತಿತು. ಇವತ್ತು ಗಾಲಿಬೋರೆಯ ಮಡುವಿನಲ್ಲಿ ಗೂನು ಬೆನ್ನಿನವು ಎಷ್ಟು ಎಂದು ಯಾರನ್ನು ಕೇಳೋಣ? ಗಾಳದವನ ಪುಸ್ತಕವನ್ನು ಮುಚ್ಚಿಸಿದ ನಾವು ಅದರ ಜಾಗದಲ್ಲಿ ಇನ್ನೊಂದು ಪುಸ್ತಕ ತೆರೆಯಬೇಕಾಗಿತ್ತಲ್ಲವೇ?

ಈಗ ಪುರಿಯ ಮಾತು. ಹೌದು, ನಾನು ತೀರ್ಥಹಳ್ಳಿಯ ಕಡೆಯವನು. ಶೃಂಗೇರಿಯ ತುಂಗಾ ತೀರದಲ್ಲಿ ಹತ್ತು ಪೈಸೆಯ ಪುರಿ ಕೊಂಡು ಮೆಟ್ಟಿಲ ಮೇಲೆ ಕುಳಿತು ಎಸೆದಿದ್ದೇನೆ. ಮೀನುಗಳು ಒಂದರ ಮೇಲೊಂದು ಏರಿ ಬಾಯಿ ತೆರೆಯುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದೆ. ದೇವರ ಮೀನು, ಮುಟ್ಟಬಾರದು ಎಂಬ ಭಯ ಆ ಮೀನುಗಳನ್ನು ಕಾಪಾಡಿತು. ಅದನ್ನು ನಾನು ಹಗುರಾಗಿ ಕಾಣುವವನಲ್ಲ. ಯಾವ ಅರಣ್ಯ ಇಲಾಖೆಯೂ ಇಲ್ಲದ ಕಾಲದಿಂದ ನಡೆದುಬಂದ ಏರ್ಪಾಡು ಅದು. ಆದರೆ ಆ ಭಯ ಮೆಟ್ಟಿಲಿನ ಮುಂದೆ ನಾಲ್ಕು ಮಾರಿನವರೆಗೆ ಇರುತ್ತದೆ. ದಕ್ಷಿಣ ಕನ್ನಡದ ಶಿಶಿಲದಲ್ಲಿಯೂ ಇಂಥದೇ ದೇವರ ಮೀನುಗಳು. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಅಲ್ಲಿ ಅವುಗಳ ನೆನಪಿಗೆ ಸ್ಮಾರಕವಿದೆ. ಪುರಿ ಹಾಕುವ ನಾವು ಮನೆಗೆ ಬಂದು, ನನ್ನ ಪಾಲಿನ ದಯೆ ಮುಗಿಯಿತು ಎಂದುಕೊಳ್ಳುತ್ತೇವೆ. ಹೋದ ವರ್ಷಕ್ಕಿಂತ ಈ ವರ್ಷ ಮೀನು ಕಡಿಮೆ ಏಕೆ ಎಂದು ನಾನಂತೂ ಒಮ್ಮೆಯೂ ಕೇಳಿದವನಲ್ಲ. ಕೇಳಬೇಕೆಂಬುದೇ ತಲೆಗೆ ಬಂದಿರಲಿಲ್ಲ. ಬಿಟ್ಟ ಮೀನಿನ ಸಂಖ್ಯೆಯನ್ನು ಹಾಳೆಯಲ್ಲಿ ಬರೆದುಕೊಂಡ ಆ ಹುಡುಗ, ನೋವಿಲ್ಲವೆಂದು ಸುಳ್ಳು ಹೇಳಿದ ಅದೇ ಹುಡುಗ, ನನಗಿಂತ ಆ ನದಿಗೆ ಹೆಚ್ಚು ಉಪಕಾರಿ. ಇದನ್ನು ಒಪ್ಪಿಕೊಳ್ಳಲು ನನಗೂ ಕಷ್ಟವಾಗುತ್ತದೆ.

ಹಿರಿಯರು ಕೇಳಬಹುದು, ಹಾಗಾದರೆ ಹಿಂಸೆಯಿಲ್ಲದೆ ಎಣಿಸಲು ಬಾರದೇ ಎಂದು. ಒಳ್ಳೆಯ ಪ್ರಶ್ನೆ. ಎಣಿಸಲಿ. ಅದಕ್ಕೆ ಹಣ, ಜನ, ವರ್ಷಗಟ್ಟಲೆ ತಾಳ್ಮೆ ಬೇಕು. ಅದನ್ನು ಕೊಡುವವರು ಬಂದ ದಿನ ಗಾಳದವರನ್ನು ನದಿಯಿಂದ ಎಬ್ಬಿಸೋಣ, ನಾನೂ ಜೊತೆಗೆ ಬರುತ್ತೇನೆ. ಅಲ್ಲಿಯವರೆಗೆ ಆಟಕ್ಕೆ ಕಟ್ಟು ಹಾಕಲಿ: ಬೇಸಿಗೆಯ ಬಿಸಿನೀರಿನಲ್ಲಿ ಬೇಡ, ಮೊಟ್ಟೆಯಿಡುವ ಕಾಲದಲ್ಲಿ ಬೇಡ, ಮೀನು ದಣಿಯುವವರೆಗೆ ಎಳೆದಾಡಿಸುವ ತೆಳುದಾರ ಬೇಡ. ಹಲ್ಲು ಕಿಸಿಯುವುದೂ ಬೇಡ.

ಸಮಿತಿಯವರಲ್ಲಿ ನನ್ನದೊಂದು ಬಿನ್ನಹ. ಚಿತ್ರಗಳನ್ನು ಮುಂದಿನ ತಿಂಗಳು ತೋರಿಸಲು ಅವಕಾಶ ಕೊಡಿ. ನನ್ನ ಆ ಒಂದು ಚಿತ್ರವನ್ನು ತೆಗೆದಿಟ್ಟಿದ್ದೇನೆ. ಮೀನಿನ ಸೊಟ್ಟ ತುಟಿಯ ಚಿತ್ರವನ್ನೂ ಹುಡುಗ ತುಂಬಿದ ಹಾಳೆಯ ಚಿತ್ರವನ್ನೂ ಇಟ್ಟುಕೊಂಡಿದ್ದೇನೆ. ಆಕ್ಷೇಪಣೆ ಎತ್ತಿದ ಹಿರಿಯರು ಮೊದಲ ಸಾಲಿನಲ್ಲಿ ಕುಳಿತು ಬೈಯಬೇಕೆಂದು ಕೋರುತ್ತೇನೆ. ಕಾಪುವಿನ ಗೆಳೆಯರೂ ಬರುತ್ತಾರೆ, ಅವರು ಇಬ್ಬರಿಗೂ ಬೈಯಲಿದ್ದಾರೆ.

ಓದುಗರಲ್ಲಿಯೂ ಒಂದು ಕೋರಿಕೆ. ನಮ್ಮಲ್ಲಿ ಮಳವಳ್ಳಿ, ಕೊಳ್ಳೇಗಾಲ, ಕನಕಪುರದ ಕಡೆಯ ಕುಟುಂಬಗಳಿವೆ. ಮುತ್ತತ್ತಿ, ಶಿವನಸಮುದ್ರಗಳಲ್ಲಿ ಬಾಲ್ಯ ಕಳೆದ ಹಿರಿಯರಿದ್ದಾರೆ. ಗೂನು ಬೆನ್ನಿನ, ಕಿತ್ತಳೆ ಬಾಲದ ಬಿಳಿಮೀನನ್ನು ನೀವು ಕಂಡದ್ದುಂಟಾದರೆ, ಯಾವ ಮಡುವಿನಲ್ಲಿ, ಯಾವ ವರ್ಷ ಎಂದು ಒಂದು ಕಾಗದ ಬರೆದು ಈ ಪತ್ರಿಕೆಗೆ ಕಳುಹಿಸಿ. ಹಿಡಿದದ್ದೋ ತಿಂದದ್ದೋ ಬರೀ ನೋಡಿದ್ದೋ ಎಂದು ನಾನು ಕೇಳುವುದಿಲ್ಲ. ಉದ್ದವನ್ನು ಮೊಳದಲ್ಲಿ ಬರೆದರೂ ನಡೆಯುತ್ತದೆ.